ಎಸ್ ಬೆನ್ನಿಗೆ ಅಡಗಿದ್ದ ಸಿ

ಕೆಳಗಿನ ಮನೆಯ ಅಜ್ಜಿ, ಇಲ್ಲಿಯ ಮಾತಿನಲ್ಲಿ ಮಾಮ್ಮ, ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ಸೆರಗಿನ ಗಂಟು ಮುಂದೆ ಹಿಡಿದು, “ಈ ಬಿಳ್ಳ ಒಂಚೂರು ನೋಡಿ ಹೇಳು ತಲ್ಲೀ” ಅಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಊಟದ ಮೊದಲೋ ಆಮೇಲೋ ಎಂದು.

ನನ್ನ ತಪ್ಪೇನೂ ಇರಲಿಲ್ಲ. ವಿಶಾಖಪಟ್ಟಣಕ್ಕೆ ಬಂದು ಎಂಟು ವರ್ಷವಾಗಿತ್ತು. ಗಂಡ ನೌಕಾಪಡೆಯಲ್ಲಿ, ನಾನು ಊರಾಚೆಯ ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ರಾಣೆಬೆನ್ನೂರಿನಲ್ಲಿ ಹುಟ್ಟಿ ಬೆಳೆದ ನನಗೆ ತೆಲುಗು ಕಲಿಸಿದ್ದು ಆ ಕಾರ್ಖಾನೆಯೇ. ಅಲ್ಲಿ ಮಾತ್ರೆಗೆ ‘ಮಂದು ಬಿಳ್ಳ’ ಅನ್ನುತ್ತಾರೆ, ಅವಸರದಲ್ಲಿ ಬರೀ ಬಿಳ್ಳ. ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಬಿಪಿ, ಶುಗರ್, ಮಂಡಿನೋವಿನವರೆಲ್ಲ ನನ್ನನ್ನು ಅರ್ಧ ಡಾಕ್ಟರೆಂದೇ ನಂಬಿ, ಚೀಟಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಈ ಜನ ನಾಣ್ಯಕ್ಕೂ ಬಿಳ್ಳ ಅನ್ನುತ್ತಾರೆಂದು ಯಾರಾದರೂ ನನಗೆ ಹೇಳಿದ್ದರೇ?

ಮಾಮ್ಮ ನಕ್ಕೂ ನಕ್ಕೂ ಕೆಮ್ಮು ಬಂದು ಕುರ್ಚಿಯಲ್ಲಿ ಕುಳಿತರು. “ನುಂಗೂದಲ್ಲವ್ವಾ, ನೋಡೂದು!” ಅವರಾಡುವ ತೆಲುಗು ನನ್ನ ಕಿವಿಯೊಳಗೆ ಇಳಿಯುವಷ್ಟರಲ್ಲಿ ನಮ್ಮೂರಿನ ಕನ್ನಡವಾಗಿರುತ್ತದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಒಪ್ಪದವರು ತೆಲುಗಿನಲ್ಲಿ ಓದಿಕೊಳ್ಳಲಿ.

ಗಂಟಿನಿಂದ ಹೊರಬಂದದ್ದು ಅಂಗೈ ತುಂಬುವ ಬೆಳ್ಳಿ ನಾಣ್ಯ. ಒಂದು ಬದಿಯಲ್ಲಿ ಸರಕಿನ ಮೂಟೆಗಳ ಮೇಲೆ ಕುಳಿತು ಸಮುದ್ರದ ಕಡೆ ಕೈಚಾಚಿದ ಹೆಂಗಸು, ಕೆಳಗೆ ೧೮೭೫. ಇನ್ನೊಂದು ಬದಿಯಲ್ಲಿ ರೆಕ್ಕೆ ಹರಡಿದ ಹದ್ದು. ಅಮೆರಿಕದವರು ಚೀನಾ ಕಡೆಯ ವ್ಯಾಪಾರಕ್ಕೆಂದೇ ಹೊಡೆಸಿದ ಟ್ರೇಡ್ ಡಾಲರ್ ಅದು, ಹೆಸರು ನಾಣ್ಯದ ಮೇಲೆಯೇ ಇತ್ತು. ಮಾಮ್ಮನ ಅಪ್ಪ ಇಲ್ಲಿಯ ಬಂದರಿನಲ್ಲಿ ಸರಕಿನ ದೋಣಿ ನಡೆಸುತ್ತಿದ್ದವರು. ರಂಗೂನಿನಿಂದ ಬಂದಿಳಿದ ಬಡಗಿಯೊಬ್ಬ ಅವರಿಗೆ ಅದನ್ನು ಕೊಟ್ಟದ್ದಂತೆ. ಮಗಳ ಮದುವೆಯ ಹೊತ್ತಿಗೆ ಮನೆಯಲ್ಲಿದ್ದ ಬೆಳ್ಳಿ ಅದೊಂದೇ. ಅದನ್ನೇ ಅಕ್ಕಿಯ ಜೊತೆ ಉಡಿಗೆ ಹಾಕಿ ಕಳಿಸಿದರು.

ಮಾಮ್ಮನ ಗಂಡನ ಮನೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಬಟ್ಟೆಯ ಸಗಟು ವ್ಯಾಪಾರಿಗಳು. ಮದುವೆಯಾಗಿ ವಾರ ಕಳೆಯುವುದರೊಳಗೆ ಆ ಮನೆಯ ಅಕ್ಕಸಾಲಿಗ ಬಂದು, ಭೂತಗನ್ನಡಿ ಹಿಡಿದು, ಹದ್ದಿನ ಕೆಳಗಿನ ಅಕ್ಷರ ಕಲಸಿಹೋಗಿದೆ, ಇದು ಕಳ್ಳ ಅಚ್ಚಿನದು, ಖೋಟಾ ಎಂದು ಹೇಳಿ ಹೋದ. ಅಲ್ಲಿಂದ ಶುರುವಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ ಖೋಟಾ ಬಿಳ್ಳದವನ ಮಗಳು. ಹಾಲು ಉಕ್ಕಿದರೆ ಖೋಟಾ ಬಿಳ್ಳದವನ ಮಗಳು. ಮುಂದೆ ಮಾಮ್ಮನ ಸ್ವಂತ ಮಗಳ ಮದುವೆಯಲ್ಲಿ ಅವರು ಆ ನಾಣ್ಯವನ್ನು ತಟ್ಟೆಯಲ್ಲಿಟ್ಟಾಗ, ಗಂಡನ ತಮ್ಮ ಬೀಗರೆದುರಿಗೇ ಅದನ್ನೆತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದನಂತೆ. ಗಂಡ ತೀರಿಕೊಂಡ ಮೇಲೆ ಮಾಮ್ಮ ಆ ಮಗಳ ಜೊತೆ ನಮ್ಮ ಕೆಳಗಿನ ಮನೆಗೆ ಬಂದಿದ್ದರು. ಈಗ ವಿಜಯವಾಡದಲ್ಲಿರುವ ಮಗನ ಮಗಳಿಗೆ ಮದುವೆ. ಹಸೆಗೆ ಕೂರುವ ಮುನ್ನ ಹುಡುಗಿಯ ಉಡಿಗೆ ಅಜ್ಜಿ ಬೆಳ್ಳಿ ಹಾಕುವುದು ಆ ಮನೆಯ ಪದ್ಧತಿ. ಈಗ ಮನೆಗೆ ಹಿರಿಯನಾಗಿರುವ ಅದೇ ಮೈದುನ ಫೋನು ಮಾಡಿ, ಬೇರೆ ಏನಾದರೂ ತಾ ವದಿನಾ, ಅದೊಂದು ಮಾತ್ರ ಬೇಡ ಎಂದಿದ್ದ. ವದಿನ ಎಂದರೆ ಅತ್ತಿಗೆ.

“ನನಗ ಎಂಬತ್ತಮೂರು ಆತು,” ಅಂದರು ಮಾಮ್ಮ. “ಇದು ಖರೇನೋ ಖೋಟಾನೋ, ನಮ್ಮಪ್ಪ ಮೋಸಗಾರ ಹೌದೋ ಅಲ್ಲೋ, ಅಷ್ಟು ಹೇಳು ಸಾಕು. ಖೋಟಾ ಇದ್ರ ಸಮುದ್ರಕ್ಕ ಒಗದು ಬರ್ತೀನಿ. ಖರೇ ಇದ್ರ ಮೊಮ್ಮಗಳ ಉಡಿಗೆ ಹಾಕಾಕ, ಯಾರು ಅಡ್ಡ ಬರ್ತಾರೋ ನೋಡೇ ಬಿಡ್ತೀನಿ.”

“ನಾ ಏನ್ ಅಕ್ಕಸಾಲೀನೇನ್ರಿ ಮಾಮ್ಮಗಾರು?” ಅಂದೆ.

“ದಿನಾ ಬಿಳ್ಳ ನೋಡಾಕಿ ಅಲ್ಲೇನು ನೀನು?”

ಅದಂತೂ ನಿಜ. ನಮ್ಮ ಯಂತ್ರದಲ್ಲಿ ಉಕ್ಕಿನ ಎರಡು ಮೊಳೆಗಳು ಮೇಲಿಂದೊಂದು ಕೆಳಗಿಂದೊಂದು ಬಂದು ಪುಡಿಯನ್ನು ಅದುಮಿ ಮಾತ್ರೆ ಮಾಡುತ್ತವೆ. ಮಾತ್ರೆಯ ಮೇಲಿನ ಅಕ್ಷರ ಆ ಮೊಳೆಯ ತುದಿಯಲ್ಲಿ ಕೆತ್ತಿರುತ್ತದೆ. ತುದಿಗೆ ಪುಡಿ ಅಂಟಿಕೊಂಡರೆ ಅಕ್ಷರ ಮುಚ್ಚಿಹೋಗುತ್ತದೆ, ಮೊಳೆ ಕೊಂಚ ತಿರುಗಿದರೆ ಅಕ್ಷರ ಎರಡೆರಡಾಗಿ ಬೀಳುತ್ತದೆ. ಎರಡರಲ್ಲಿ ಯಾವುದು ಕಂಡರೂ ಆ ಬ್ಯಾಚನ್ನೇ ತಡೆದು ನಿಲ್ಲಿಸುವುದು ನನ್ನ ಕೆಲಸ. ಎಂಟು ವರ್ಷ ನನ್ನ ಕಣ್ಣು ಕಲಿತದ್ದು ತಪ್ಪು ಹುಡುಕಿ ಎತ್ತಿ ಬಿಸಾಡುವುದನ್ನೇ. ಆ ಕಣ್ಣಿನಿಂದಲೇ ಹದ್ದಿನ ಕೆಳಗೆ ನೋಡಿದೆ. ಅಲ್ಲೊಂದು ಪುಟ್ಟ ಎಸ್ ಇತ್ತು, ಅದರ ಬಲಕ್ಕೆ ಕೂದಲೆಳೆಯಂಥ ಡೊಂಕು ಗೆರೆ. ಇನ್ನೊಂದು ಬದಿಯಲ್ಲಿ ಹೆಂಗಸಿನ ಮೊಣಕಾಲಿನ ಹತ್ತಿರ ಯಾರೋ ಬೇಕೆಂದೇ ಹೊಡೆದಂಥ ಸಣ್ಣ ಚೌಕದ ಗುರುತು.

ಐದು ನಿಮಿಷ, ಹೆಚ್ಚಿಲ್ಲ. “ಅಕ್ಷರ ಎರಡು ಸಲ ಬಿದ್ದೈತ್ರಿ ಮಾಮ್ಮಗಾರು. ಸರ್ಕಾರದ ಟಂಕಸಾಲ್ಯಾಗ ಹಿಂಗ ಆಗಂಗಿಲ್ಲ. ಖೋಟಾನ ಇರಬೇಕು,” ಅಂದುಬಿಟ್ಟೆ.

ಮಾಮ್ಮ ಅಳಲಿಲ್ಲ. “ಸರಿ” ಅಂದರು. ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡರು. ಬೇಡವೆಂದರೂ ಕೇಳದೆ, ತಾವು ಕುಡಿದ ಚಹಾದ ಲೋಟವನ್ನು ತೊಳೆದಿಟ್ಟು ಹೋದರು.

ಆ ಲೋಟವನ್ನು ಕಪಾಟಿನ ಹಿಂದಕ್ಕೆ ತಳ್ಳಿಟ್ಟೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. ಅವನು ಹಪ್ಪಳ ಮುರಿಯುತ್ತಾ, “ಐದು ನಿಮಿಷದಾಗ ತೀರ್ಪು ಕೊಟ್ಯಾ? ಭಾರೀ ಜಡ್ಜ್ ಸಾಹೇಬ್ರು ಬಿಡವಾ! ನಿಮ್ಮ ಕಂಪನ್ಯಾಗೂ ಹಿಂಗ ಏನು?” ಅಂದ.

ಸಿಟ್ಟು ಬಂತು. “ಕಂಪನ್ಯಾಗ ಯಾಕ ಹಿಂಗ ಮಾಡ್ತೀವಿ? ಅಲ್ಲಿ ಬಾಜೂಕ ಮಾದರಿ ಇಟ್ಕೊಂಡ…” ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ.

ಮಾದರಿ! ಕಾರ್ಖಾನೆಯಲ್ಲಿ ಒಪ್ಪಿತ ಮಾದರಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಒಂದೇ ಒಂದು ಮಾತ್ರೆಯನ್ನೂ ನಾನು ತಿರಸ್ಕರಿಸಿದವಳಲ್ಲ. ಹೊಸಬರು ಹಾಗೆ ಮಾಡಿದರೆ ಎಲ್ಲರೆದುರಿಗೆ ಬೈಯುತ್ತಿದ್ದೆ. ಆದರೆ ಒಬ್ಬ ಮುದುಕಿಯ ಅಪ್ಪನನ್ನು, ಮಾದರಿ ಇಲ್ಲದೆ, ಹೋಲಿಸಿ ನೋಡದೆ, ಬರೀ ಜಂಬದಿಂದ ತಿರಸ್ಕರಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಗಂಡನ ಮೇಲೆ ಅದಕ್ಕಿಂತ ಹೆಚ್ಚು, ಯಾಕೆಂದರೆ ಅವನು ಇನ್ನೂ ನಗುತ್ತಲೇ ಇದ್ದ.

ಸಂಜೆ ಕೆಳಗೆ ಹೋಗಿ ನಾಣ್ಯ ಇನ್ನೊಮ್ಮೆ ಕೊಡಿ ಎಂದು ಕೇಳಿದೆ. “ಇನ್ನೂ ಒಗದಿಲ್ಲ,” ಅಂದರು ಮಾಮ್ಮ. “ಮಂಡಿ ನೋಯ್ತಿದ್ವು, ಬೀಚಿನ ತನಕ ನಡ್ಯಾಕ ಆಗಲಿಲ್ಲ.” ದೇವರು ದೊಡ್ಡವನು, ಆ ಮಂಡಿನೋವಿಗೆ ನಾನು ಕೈ ಮುಗಿದೆ.

ಮುಂದಿನ ಹನ್ನೆರಡು ದಿನ ಕಾರ್ಖಾನೆಯ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಅನ್ನ ಬೇಯುವ ಹೊತ್ತಿನಲ್ಲಿ ಅದೊಂದೇ ಕೆಲಸ. ನಾಣ್ಯ ಕೂಡಿಡುವ ಹುಚ್ಚಿನವರು ಲೋಕದ ತುಂಬ ಇದ್ದಾರೆ, ಇಂಟರ್‌ನೆಟ್ಟಿನಲ್ಲಿ ಸಾವಿರ ಫೋಟೋ ಹಾಕಿದ್ದಾರೆ. ಮೊದಲಿಗೆ ನನಗೆ ಎಲ್ಲ ಹೆಂಗಸರೂ ಒಂದೇ, ಎಲ್ಲ ಹದ್ದೂ ಒಂದೇ. ಆಮೇಲೆ ಕಣ್ಣು ಬಿಟ್ಟಿತು. ಈ ಡಾಲರನ್ನು ಹೊಡೆದ ಕೆಲವೇ ವರ್ಷಗಳಲ್ಲಿ ಅಚ್ಚಿನ ಚಿತ್ರವನ್ನು ಎರಡೂ ಬದಿಯಲ್ಲಿ ಚೂರುಪಾರು ಬದಲಿಸಿದ್ದಾರೆ. ಹಳೆಯ ಅಚ್ಚಿನಲ್ಲಿ ಹೆಂಗಸಿನ ಹತ್ತಿರದ ರಿಬ್ಬನ್ನಿನಂಥ ಪಟ್ಟಿಯ ತುದಿಗಳು ಎಡಕ್ಕೆ ಹಾರುತ್ತವೆ, ಹೊಸದರಲ್ಲಿ ಕೆಳಕ್ಕೆ ಇಳಿಯುತ್ತವೆ. ಹಳೆಯದರಲ್ಲಿ ಚಾಚಿದ ಕೈಗೆ ಮೂರು ಬೆರಳು ಕಾಣುತ್ತವೆ, ಹೊಸದರಲ್ಲಿ ನಾಲ್ಕು. ಹಳೆಯ ಹದ್ದಿನ ಉಗುರಿನ ಕೆಳಗೆ ಸಾಸಿವೆಯಷ್ಟು ಒಂದು ಹಣ್ಣಿದೆ, ಹೊಸ ಹದ್ದಿಗೆ ಅದಿಲ್ಲ. ಮಾಮ್ಮನ ನಾಣ್ಯದಲ್ಲಿ ಪಟ್ಟಿ ಎಡಕ್ಕೆ, ಬೆರಳು ಮೂರು, ಹಣ್ಣು ಇದೆ. ಎರಡೂ ಬದಿ ಹಳೆಯ ಅಚ್ಚು.

ಉಳಿದದ್ದು ಆ ಡೊಂಕು ಗೆರೆ. ಒಂಬತ್ತನೆಯ ದಿನ, ಬಸ್ಸು ಕಾರ್ಖಾನೆಯ ಗೇಟಿನ ಮುಂದೆ ನಿಂತು ಎಲ್ಲರೂ ಇಳಿಯುತ್ತಿದ್ದಾಗ, ಮೊಬೈಲಿನಲ್ಲಿ ಅದೇ ಗೆರೆ ಕಂಡಿತು. ಅದೇ ಜಾಗ, ಅದೇ ಡೊಂಕು. ಅಮೆರಿಕದಲ್ಲಿ ಆಗ ಬೇರೆ ಬೇರೆ ಊರುಗಳಲ್ಲಿ ಟಂಕಸಾಲೆಗಳಿದ್ದವು. ಕಾರ್ಸನ್ ಸಿಟಿಯ ಗುರುತು ಎರಡು ಸಿ, ಸ್ಯಾನ್ ಫ್ರಾನ್ಸಿಸ್ಕೋದ ಗುರುತು ಒಂದು ಎಸ್. ಕಾರ್ಸನ್ ಸಿಟಿಗೆಂದು ಎರಡು ಸಿ ಹಾಕಿದ್ದ ಅಚ್ಚನ್ನು ದಂಡ ಮಾಡುವುದೇಕೆಂದು, ಅದೇ ಅಕ್ಷರಗಳ ಮೇಲೆ ಎಸ್ ಒತ್ತಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಳಸಿಕೊಂಡಿದ್ದಾರೆ. ಎಡಗಡೆಯ ಸಿ ಮುಚ್ಚಿಹೋಗಿದೆ. ಬಲಗಡೆಯ ಸಿ ಪೂರ್ತಿ ಅಳಿಯದೆ ಎಸ್ ಬೆನ್ನಿಗೆ ಅಡಗಿ ಕುಳಿತಿದೆ. ಅಕ್ಕಸಾಲಿಗ ಕಳ್ಳನ ಗುರುತೆಂದದ್ದು, ನಾನು ಕಸವೆಂದದ್ದು, ಟಂಕಸಾಲೆಯವರೇ ಮಾಡಿದ ತೇಪೆ! ಆ ತೇಪೆ ಇರುವ ನಾಣ್ಯ ಸಿಗುವುದು ಅಪರೂಪವೆಂದು ಹುಚ್ಚಿನವರು ಜೀವ ಬಿಡುತ್ತಾರಂತೆ. ನಾನು ಬಸ್ಸಿನಲ್ಲೇ “ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ!” ಎಂದು ಕೂಗಿದೆ. ಡ್ರೈವರು ತಿರುಗಿ ನೋಡಿದ.

ಆದರೂ ಐದು ನಿಮಿಷದ ಬುದ್ಧಿಯನ್ನು ಮತ್ತೆ ನಂಬುವಷ್ಟು ದಡ್ಡಿ ನಾನಲ್ಲ. ಆ ತೇಪೆಯನ್ನೂ ನಕಲು ಮಾಡುವವರಿದ್ದಾರೆಂದು ಓದಿದ್ದೆ. ಮರುದಿನ ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತಂದು ತೂಗಿದೆ. ಇಪ್ಪತ್ತೇಳು ಗ್ರಾಂ ಮತ್ತು ಚೂರು, ನಾಣ್ಯದ ಮೇಲೆ ಬರೆದಿದ್ದ ತೂಕಕ್ಕೆ ಸರಿಹೋಯಿತು. ದಾರ ಕಟ್ಟಿ ಲೋಟದ ನೀರಿನಲ್ಲಿ ಇಳಿಬಿಟ್ಟು ಲೆಕ್ಕ ಹಾಕಿದೆ. ನೀರಿಗಿಂತ ಹತ್ತು ಪಟ್ಟಿನ ಮೇಲೆ ಕೊಂಚ ಭಾರ, ತಾಮ್ರ ಬೆರೆಸಿದ ಬೆಳ್ಳಿ ಇರಬೇಕಾದಷ್ಟೇ. ಮೂರು ಸಲ ಮಾಡಿದೆ. ಹನ್ನೆರಡು ಫೋಟೋ ಪಕ್ಕದಲ್ಲಿಟ್ಟುಕೊಂಡು, ಎಸ್ ಎಷ್ಟು ಓರೆ, ಸಿ ಎಷ್ಟು ದೂರ ಎಂದು ಒಂದೊಂದಾಗಿ ಹೋಲಿಸಿದೆ. ಮೊಣಕಾಲಿನ ಹತ್ತಿರದ ಚೌಕ ಚೀನೀ ವ್ಯಾಪಾರಿಯ ಮೊಹರು. ಕೈಗೆ ಬಂದ ಬೆಳ್ಳಿಯನ್ನು ಪರೀಕ್ಷಿಸಿ, ಇದು ಸಾಚಾ ಎಂದು ಅವರು ಹಾಗೆ ಹೊಡೆಯುತ್ತಿದ್ದರಂತೆ.

ಕೆಳಗೆ ಹೋಗಿ ಮಾಮ್ಮನ ಕಾಲು ಹಿಡಿದೆ. “ತಪ್ಪಾತ್ರಿ. ಖರೇ ಐತಿ. ನಿಮ್ಮಪ್ಪ ಕೊಟ್ಟದ್ದು ಖರೇ ಬೆಳ್ಳಿ.”

ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. “ಆ ಅಕ್ಕಸಾಲಿಗನೂ ಐದು ನಿಮಿಷದಾಗ ಹೇಳಿದ್ದ. ನೀನೂ ಐದು ನಿಮಿಷದಾಗ ಹೇಳಿದ್ದಿ. ಈಗ ಎಷ್ಟು ದಿನ ನೋಡಿದಿ?”

“ಹನ್ನೆರಡು ದಿನ.”

“ಹಂಗಾದ್ರ ನೀನೂ ನಡಿ ವಿಜಯವಾಡಕ್ಕ. ಇಷ್ಟು ವರ್ಷ ನಾ ಹೇಳಿದ್ದು ಯಾರು ಕೇಳ್ಯಾರು?” ಎಂದು ಹೇಳಿ, ಆಮೇಲೆ ಅತ್ತರು. ನಾನೂ ಅತ್ತೆ, ನಾಚಿಕೆಯಿಂದ.

ಮದುವೆಯ ಹಿಂದಿನ ದಿನ ಬೆಳಗಿನ ರೈಲಿಗೆ ಹೊರಟೆವು. ಮಗಳು ಮುಂಚೆಯೇ ಹೋಗಿದ್ದರಿಂದ ನಾವಿಬ್ಬರೇ. ಮಾಮ್ಮ ದಾರಿಯುದ್ದಕ್ಕೂ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದರು. ಗವರ್ನರ್‌ಪೇಟೆಯಲ್ಲಿ ಆಟೋ ಅಲ್ಲಾಡಲು ಜಾಗವಿಲ್ಲದೆ, ಕೊನೆಯ ತುಂಡು ದಾರಿಯನ್ನು ಬಟ್ಟೆಯ ಮೂಟೆಗಳ ನಡುವೆ ನಡೆದೇ ಹೋದೆವು. ಕೆಳಗೆ ಅಂಗಡಿ, ಮೇಲೆ ಮನೆ. ಉಡಿಯ ಶಾಸ್ತ್ರಕ್ಕೆ ಹೆಂಗಸರೆಲ್ಲ ಸೇರಿದ್ದರು, ನಡುವೆ ಹುಡುಗಿ ಹಳದಿ ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು.

ಮೈದುನ ಬಲು ಮರ್ಯಾದಸ್ಥ. ನನಗೆ ಕುರ್ಚಿ ಹಾಕಿಸಿ ಮಜ್ಜಿಗೆ ತರಿಸಿ, ಆಮೇಲೆ ನಯವಾಗಿ ಹೇಳಿದ: “ವದಿನಾ ಹಟ ಬಿಡಂಗಿಲ್ಲಂತ ನನಗ ಗೊತ್ತಿತ್ತು. ಅದಕ್ಕ ತಿಳಿದವರನ್ನ ಕರಸೀನಿ.” ಪಕ್ಕದ ಬೀದಿಯಲ್ಲಿ ಹಳೆಯ ನಾಣ್ಯಗಳ ಅಂಗಡಿ ಇಟ್ಟವನೊಬ್ಬ ಆಗಲೇ ಬಂದು ಕುಳಿತಿದ್ದ. ನಾಣ್ಯವನ್ನು ಕೈಗೆ ತೆಗೆದುಕೊಂಡು ತಿರುವಿದ, ಬಾಯಿ ಸೊಟ್ಟ ಮಾಡಿದ.

“ಚೀನಾದ ನಕಲು. ಮೊಣಕಾಲಿನ ಹತ್ರ ಮೊಳೆ ಹೊಡದಾರ, ಅಕ್ಷರ ಕಲಸೈತಿ. ಇಲ್ಲಿ ನೋಡ್ರಿ.” ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಎಲ್ಲರಿಗೂ ತೋರಿಸಿದ. “ಇದು ಅಸಲಿ. ಇದರಾಗ ಹದ್ದಿನ ಉಗುರಿನ ಕೆಳಗ ಹಣ್ಣಿಲ್ಲ. ನಿಮ್ಮದರಾಗ ಐತಿ. ಮಾಡಿದವ ತಾನ ಒಂದು ಹಣ್ಣು ಸೇರಿಸ್ಯಾನ.”

ಹೆಂಗಸರು ಕಿಸಕ್ಕನೆ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

“ಆ ಫೋಟೋದಾಗ ಇಸವಿ ಯಾವುದೈತಿ, ಓದ್ರಿ,” ಅಂದೆ.

“ತಾವು ನಾಣ್ಯದ ವ್ಯಾಪಾರದಾಗ ಇದ್ದೀರೇನು ಮೇಡಂ?”

“ಇಲ್ಲ. ಗುಳಿಗಿ ಕಂಪನ್ಯಾಗ ಇದ್ದೀನಿ.”

“ಹಂಗಾದ್ರ ಜ್ವರ ಬಂದಾಗ ಕರೀತೀವಿ,” ಅಂದ. ಈ ಸಲ ಮೈದುನನೂ ನಕ್ಕ.

“ಜ್ವರ ಈಗ ನಿಮಗ ಬರತೈತಿ, ಇಸವಿ ಓದ್ರಿ ಮೊದಲು!” ನನ್ನ ದನಿ ಕೆಳಗಿನ ಅಂಗಡಿಯವರೆಗೂ ಹೋಗಿರಬೇಕು. ಅವನು ಓದಿದ. ೧೮೭೭. “ನಮ್ಮದು ೧೮೭೫. ಹಣ್ಣಿರೋದು ಹಳೇ ಅಚ್ಚು, ಇಲ್ಲದ್ದು ಹೊಸಾ ಅಚ್ಚು. ನಿಮ್ಮ ಫೋಟೋದಾಗ ಪಟ್ಟಿ ಕೆಳಗಿಳದೈತಿ, ನಮ್ಮದರಾಗ ಎಡಕ್ಕ ಹಾರೈತಿ. ಬೆರಳು ಎಣಸ್ರಿ, ಅಲ್ಲಿ ನಾಕು, ಇಲ್ಲಿ ಮೂರು. ತಂಗಿ ಫೋಟೋ ಇಟ್ಕೊಂಡು ಅಕ್ಕನ್ನ ಖೋಟಾ ಅಂತೀರೇನ್ರಿ? ಈಗ ಎಸ್ ನೋಡ್ರಿ. ಬಲಕ್ಕ ಏನೈತಿ?”

ಅವನು ಪಕ್ಕದಲ್ಲಿಟ್ಟುಕೊಂಡಿದ್ದ ಭೂತಗನ್ನಡಿಯನ್ನು ಎತ್ತಿ ಅವನ ಕೈಗೇ ಕೊಟ್ಟೆ. ನಾನು ಜೋಡಿಸಿಟ್ಟುಕೊಂಡಿದ್ದ ಹನ್ನೆರಡು ಫೋಟೋಗಳನ್ನು ಒಂದೊಂದಾಗಿ ಮುಂದಿಟ್ಟೆ. ತೂಕ ಬರೆದ ಚೀಟಿ ಇಟ್ಟೆ. ಮೊಹರಿನ ಕಥೆ ಹೇಳಿದೆ. ಅವನು ಮೊದಲು ನಗುತ್ತಲೇ ನೋಡಿದ. ಆಮೇಲೆ ನಗು ನಿಂತಿತು. ಎದ್ದು ಕಿಟಕಿಯ ಬೆಳಕಿಗೆ ಹೋಗಿ ನೋಡಿದ, ಮತ್ತೆ ಬಂದು ನನ್ನ ಫೋಟೋ ನೋಡಿದ, ಮತ್ತೆ ಕಿಟಕಿಗೆ ಹೋದ. ಮೆಚ್ಚಬೇಕಾದ್ದು, ಅವನು ಪೂರ್ತಿ ಹದಿನೈದು ನಿಮಿಷ ಹೀಗೆ ಹೋಲಿಸಿ ನೋಡಿದ. ಮಣೆಯ ಮೇಲಿದ್ದ ಹುಡುಗಿ ಕಾಲು ಜೋಮು ಹಿಡಿದಿದ್ದರೂ ಏಳಲಿಲ್ಲ.

“ಖರೇ ಐತಿ,” ಅಂದ ಕೊನೆಗೆ, ನನ್ನ ಕಡೆ ನೋಡದೆ. “ಎಸ್ ಕೆಳಗ ಸಿ ಐತಿ. ನಾನು ಕಣ್ಣಾರೆ ಇಂಥಾದ್ದು ನೋಡಿರಲಿಲ್ಲ.”

ಮಾಮ್ಮ ಕಣ್ಣು ಮುಚ್ಚಿಕೊಂಡರು. ಅಂಗಡಿಯವನು ಬಾಗಿ ಮೈದುನನ ಕಿವಿಯಲ್ಲಿ ಏನೋ ಹೇಳಿದ. ಬೆಲೆಯನ್ನೇ ಹೇಳಿರಬೇಕು, ಯಾಕೆಂದರೆ ಮೈದುನ ಕೂಡಲೇ ಎದ್ದು ನಿಂತ.

“ವದಿನಾ, ಇಂಥಾದ್ದನ್ನ ಉಡಿಗೆ ಹಾಕಿ ಕಳಸಾಕ ಬರಂಗಿಲ್ಲ. ಇದು ನಮ್ಮ ಮನಿತನದ ಆಸ್ತಿ. ಬ್ಯಾಂಕಿನ ಲಾಕರಿನ್ಯಾಗ ಇಡೋಣ. ಹುಡುಗಿಗೆ ಬ್ಯಾರೆ ಬೆಳ್ಳಿ ಈಗಿಂದೀಗ ತರಸ್ತೀನಿ,” ಎಂದು ಕೈ ಚಾಚಿದ.

ನಾನು ಬಾಯಿ ತೆರೆದೆ. ಮಾಮ್ಮ ನನ್ನ ಮುಂಗೈ ಹಿಡಿದು ಸುಮ್ಮನಿರಿಸಿದರು. ಅಂಗಡಿಯವನ ಕೈಯಿಂದ ನಾಣ್ಯ ಇಸಿದುಕೊಂಡು ಎದ್ದು ನಿಂತರು.

“ಖೋಟಾ ಇದ್ದಷ್ಟು ದಿನ ಇದು ನಮ್ಮಪ್ಪಂದು,” ಅಂದರು. “ಖರೇ ಅಂದಕೂಡ್ಲೇ ನಿಮ್ಮ ಮನಿತನದ್ದು ಆತೇನು?”

ಮೈದುನನ ಕೈ ಚಾಚಿದ್ದಲ್ಲೇ ಉಳಿಯಿತು. ಮಾಮ್ಮ ಮಂಡಿನೋವನ್ನು ಲೆಕ್ಕಿಸದೆ ಬಾಗಿ, ಹುಡುಗಿಯ ಉಡಿಯ ಅಕ್ಕಿಯ ಮೇಲೆ ನಾಣ್ಯ ಇಟ್ಟು, ಸೆರಗಿನ ತುದಿಯನ್ನು ತಾವೇ ಗಂಟು ಹಾಕಿದರು. ಹುಡುಗಿ ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿಯ ಅಪ್ಪನ ಬಗ್ಗೆ ಹುಟ್ಟಿದಾಗಿನಿಂದ ಖೋಟಾ ಬಿಳ್ಳದವನು ಎಂದಷ್ಟೇ ಅವಳೂ ಕೇಳಿದ್ದಳು.

“ನಾನಮ್ಮಾ,” ಅಂದಳು. ಅಪ್ಪನ ತಾಯಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ. “ಅವರ ಹೆಸರೇನು?”

ಮಾಮ್ಮ ಸೊಸೆಯಾಗಿ ಕಾಲ್ತೊಳೆದು ಒಳಗೆ ಬಂದ ದಿನದಿಂದ ಆ ಮನೆಯಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಅವರು ಹುಡುಗಿಗೆ ತಮ್ಮ ಅಪ್ಪನ ಹೆಸರು ಹೇಳಿದರು. ಆಮೇಲೆ ಮೈದುನನ ಕಡೆ ತಿರುಗಿ, ತಲೆಯೆತ್ತಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.